ನೀರು ಹೇಳಿದ್ದು

“ತಡಿಯವ್ವ, ಅದನ್ನ ಹೊದಿಸಬ್ಯಾಡ,” ಎಂದು ದೊಡ್ಡಪ್ಪ ಚಿದಾನಂದಪ್ಪ ಕೈ ಅಡ್ಡ ಹಿಡಿದರು.

ಸೌಂದರ್ಯಳ ಕೈಯಲ್ಲಿ ಹೊಸ ಇಳಕಲ್ ಸೀರೆ ಇತ್ತು. ಬಳ್ಳಾರಿ ಕಂಟೋನ್ಮೆಂಟಿನ ಆ ಮನೆಯ ಪಡಸಾಲೆಯಲ್ಲಿ, ಹಣೆತುಂಬ ವಿಭೂತಿ ಹಚ್ಚಿ, ಅವಳ ತಾಯಿ ದಾಕ್ಷಾಯಣಮ್ಮನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಅವರು ಹಿಂದಿನ ದಿನ ಎದೆನೋವೆಂದು ಮಲಗಿದವರು ಏಳಲಿಲ್ಲ.

“ಯಾರು ತಂದದ್ದಿದು?”

“ಹುಲಿಗೇಶಣ್ಣ, ದೊಡ್ಡಪ್ಪ. ಅಮ್ಮನ ತವರೂರಾಗ ಕೆರಿ ಮೀನಿನ ಗುತ್ತಿಗಿ ಹಿಡದಾರಲ್ಲ, ಅವ್ರು.”

“ತವರಿನ ಸೀರಿ ಒಡಹುಟ್ಟಿದವ್ರು ತರಬೇಕು. ಊರಾಗಿನವ್ರೆಲ್ಲ ತಂದ್ರ ಆಕ್ಕೈತೇನು? ನಿಮ್ಮ ಮಾಮಗ ಫೋನ್ ಹಚ್ಚಿದ್ಯಾ?”

“ಎತ್ತವಲ್ಲ.”

ಹೊರಗೆ, ಬಿಟ್ಟ ಚಪ್ಪಲಿಗಳ ಪಕ್ಕ ನಿಂತಿದ್ದ ಹುಲಿಗೇಶನಿಗೆ ಇದೆಲ್ಲ ಕೇಳಿಸುತ್ತಿತ್ತು.

*

ಏಳು ವರ್ಷದ ಹಿಂದಿನ ಬೇಸಿಗೆ. ಸಿರಿಗೇರಿ ಹತ್ತಿರದ ಆ ಹಳ್ಳಿಯ ಕೆರೆ ಬಣ್ಣ ಸುರಿದಂತೆ ಹಸಿರುಗಟ್ಟಿ ನಾರತೊಡಗಿತು. ನೀರು ಕುಡಿದ ಎಮ್ಮೆಗಳು ದಂಡೆಯಲ್ಲೇ ಬಿದ್ದು ಸತ್ತವು. ಮೀನಿಗಾಗಿ ಹುಲಿಗೇಶನೇ ವಿಷ ಹಾಕಿದನೆಂದು ಜನ ಅವನನ್ನು ಹಿಡಿದು ಹೊಡೆದರು. ಮೊದಲು ಕೈಮಾಡಿದವರು ದಾಕ್ಷಾಯಣಮ್ಮನ ಅಣ್ಣ ಗವಿಸಿದ್ದಪ್ಪ. ಸತ್ತ ಎಮ್ಮೆಗಳಲ್ಲಿ ಅವರದೂ ಒಂದಿತ್ತು.

ತವರಿಗೆ ಬಂದಿದ್ದ ದಾಕ್ಷಾಯಣಮ್ಮ ಕೆರೆ ನೀರನ್ನು ಬಾಟಲಿಗೆ ತುಂಬಿಕೊಂಡು ಬಳ್ಳಾರಿಗೆ ಹೋದರು. ಕಾಲೇಜಿನಲ್ಲಿ ಪರೀಕ್ಷಿಸಿ ತಿರುಗಿ ಬಂದಾಗ, ಹುಲಿಗೇಶನ ಮೇಲೆ ಕೇಸು ಹಾಕಬೇಕೆಂದು ಊರು ಪಂಚಾಯ್ತಿ ಮುಂದೆ ಸೇರಿತ್ತು.

“ಯಾರೂ ವಿಷ ಹಾಕಿಲ್ಲ,” ಎಂದರು ದಾಕ್ಷಾಯಣಮ್ಮ. “ಅದು ಪಾಚಿ ಬಿಟ್ಟ ವಿಷ. ಗದ್ದಿ ಗೊಬ್ಬರ, ಊರ ಚರಂಡಿ ಎರಡೂ ಕೆರಿಗೆ ಇಳಿತಾವ. ಅದನ್ನ ಉಂಡು ಪಾಚಿ ಕೊಬ್ಬೈತಿ.”

“ಯಾರ ಗದ್ದಿದು?” ಯಾರೋ ಕೂಗಿದರು.

ಅವರು ಅಣ್ಣನ ಕಡೆ ನೋಡಿದರು. “ಎಲ್ಲಾರದೂ ಐತಿ. ಹೆಚ್ಚು ಬರೋದು ನಮ್ಮಣ್ಣನ ಗದ್ದಿ ಕಾಲುವಿಯಿಂದ.”

ಕೇಸಿನ ಮಾತು ಅಲ್ಲಿಗೆ ನಿಂತಿತು. ಆದರೆ ಸಂಜೆ ಗವಿಸಿದ್ದಪ್ಪ ತಂಗಿಯ ಬ್ಯಾಗನ್ನು ಜಗಲಿಗೆ ತಂದಿಟ್ಟರು. “ಊರ ಮುಂದ ನನ್ನ ಹೆಸರು ತಗದಿ. ಇನ್ನ ಈ ಹೊಸ್ತಿಲು ತುಳಿಬ್ಯಾಡ.”

ದಾಕ್ಷಾಯಣಮ್ಮ ತುಳಿಯಲಿಲ್ಲ. ಕೆರೆಯನ್ನು ಮಾತ್ರ ಬಿಡಲಿಲ್ಲ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ, ಕೆರೆಯಿಂದಲೂ ಕಾಲುವೆಯಿಂದಲೂ ನೀರು ತುಂಬಿಕೊಂಡು, ಹುಲಿಗೇಶನ ಮನೆಯಲ್ಲಿ ಚಹಾ ಕುಡಿದು ಬರುತ್ತಿದ್ದರು.

*

ಹೆಣ ಎತ್ತುವ ಹೊತ್ತಿಗೆ ಗವಿಸಿದ್ದಪ್ಪ ಬಂದರು. ಬಗಲಲ್ಲಿ ಬ್ರೂಸ್‌ಪೇಟೆ ಸೀರೆ ಅಂಗಡಿಯ ಚೀಲವಿತ್ತು. ತಂಗಿಯ ಮುಖ ನೋಡಲಾಗದೆ ಚೀಲವನ್ನು ಸೌಂದರ್ಯಳತ್ತ ಚಾಚಿದರು.

“ಏಳು ವರ್ಷ ಮಾತಾಡ್ಲಿಲ್ಲವ್ವ. ನನ್ನ ಬೈಕೋತ ಹೋದ್ಲೇನು?”

“ಇಲ್ಲ ಮಾಮ. ಹ್ವಾದ ವರ್ಷ ಒಂದಿನ ಕೆರಿಂದ ಬಂದು, ‘ನಿಮ್ಮ ಮಾಮ ಗೊಬ್ಬರ ಕಡಿಮಿ ಮಾಡ್ಯಾನ’ ಅಂದ್ಲು. ಯಾರು ಹೇಳಿದ್ರಂದೆ. ‘ಅವನ ಕಾಲುವಿ ನೀರ ಹೇಳ್ತು’ ಅಂದ್ಲು. ಅವತ್ತು ಹೋಳಿಗಿ ಮಾಡಿದ್ಲು.”

ಗವಿಸಿದ್ದಪ್ಪ ಗೋಡೆ ಹಿಡಿದು ಕೂತರು. “ಗೊತ್ತಿತ್ತಾ ಆಕಿಗೆ,” ಎಂದರು.

ಚಿದಾನಂದಪ್ಪ ಅವಸರ ಮಾಡಿದರು. “ತವರಿಂದು ಬಂತಲ್ಲ, ಆ ಸೀರಿ ವಾಪಸ್ ಕೊಡ್ರಿ ಅವಂಗ.”

“ಬ್ಯಾಡ್ರಿ,” ಎಂದು ಗವಿಸಿದ್ದಪ್ಪ ಎದ್ದು ಬಾಗಿಲಿಗೆ ಬಂದರು. “ಹುಲಿಗೇಶ, ಒಳಗ ಬಾರಪ್ಪ. ನಿಂದೂ ಹೊದಿಸು.”

ಹುಲಿಗೇಶ ಅವರ ಮುಖ ನೋಡದೆ ಒಳಗೆ ಬಂದು, ಸೀರೆ ಹೊದಿಸಿ, ದಾಕ್ಷಾಯಣಮ್ಮನ ಪಾದ ಮುಟ್ಟಿದ.

*

ಮಣ್ಣು ಮಾಡಿ ಮುಗಿಯುವಷ್ಟರಲ್ಲಿ ಬಿಸಿಲಿಳಿದಿತ್ತು. ಗವಿಸಿದ್ದಪ್ಪ ರಸ್ತೆಯಂಚಿನಲ್ಲಿ ಬಸ್ಸು ಕಾಯುತ್ತ ನಿಂತರು. ಹುಲಿಗೇಶನ ಬೈಕು ಅವರನ್ನು ದಾಟಿ ತುಸು ಮುಂದೆ ಹೋಗಿ ನಿಂತಿತು. ಅವನು ಕರೆಯಲಿಲ್ಲ, ಹಿಂತಿರುಗಿ ನೋಡಲೂ ಇಲ್ಲ. ಹಿಂದೆ ಕೂರುವವರು ಕಾಲಿಡುವ ಮೆಟ್ಟನ್ನು ಬಿಡಿಸಿ, ಇಂಜಿನ್ ಆರಿಸದೆ ಕೂತ.

ಗವಿಸಿದ್ದಪ್ಪ ಪಂಚೆ ಎತ್ತಿ ಕಟ್ಟಿ ಹತ್ತಿದರು. ಹಳ್ಳ ಬಿದ್ದ ರಸ್ತೆಯಲ್ಲಿ ಬೈಕು ಕುಣಿದಾಗ ಹಿಡಿಯಲು ಬೇರೇನೂ ಸಿಗದೆ ಅವನ ಹೆಗಲ ಮೇಲೆ ಕೈಯಿಟ್ಟರು. ಕುರುಗೋಡು ದಾಟಿ ರಸ್ತೆ ನುಣ್ಣಗಾದ ಮೇಲೂ ಆ ಕೈ ಅಲ್ಲೇ ಇತ್ತು.