ಮರಿಯಲ್ಲದ ಮೀನು

"ಇದು ಗೊತ್ತಿರುವ ಜಾತಿಯ ಮರಿ, ಹೊಸದೇನಲ್ಲ" ಎಂದು ಷರಾ ಬರೆದು ವಿಭಾಗದ ಮುಖ್ಯಸ್ಥರು ಅವಳ ಪ್ರಬಂಧವನ್ನು ಮತ್ತೆ ವಾಪಸು ಕಳಿಸಿದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಸಂಶೋಧನಾ ಹಡಗು ಬೆಳಕೇ ಇಳಿಯದ ಆಳದಿಂದ ಎತ್ತಿ ತಂದ ಮೀನು ಅದು. ಬೆರಳುದ್ದ, ಕಾಡಿಗೆ ಕಪ್ಪು, ಗದ್ದದ ಕೆಳಗೊಂದು ಎಳೆ ಮೀಸೆ. ಸಂಗ್ರಹಾಲಯದ ಮೀನು ವಿಭಾಗದಲ್ಲಿ ಅದನ್ನು ಹೊಸ ಜಾತಿಯೆಂದು ಗುರುತಿಸಿದವಳು ಅವಳೇ. ಸೂಕ್ಷ್ಮದರ್ಶಕದಡಿ ರೆಕ್ಕೆಯ ಕಡ್ಡಿಗಳನ್ನು ಎಣಿಸಿದ್ದಳು. ಎಕ್ಸ್‌ರೇ ತೆಗೆಸಿ ಬೆನ್ನುಮೂಳೆಯ ಮಣಿಗಳನ್ನೂ ಎಣಿಸಿದ್ದಳು. ಯಾವುದೂ ಹಳೆಯ ಜಾತಿಗೆ ತಾಳೆಯಾಗುತ್ತಿರಲಿಲ್ಲ. ಆದರೆ ಆ ಹಳೆಯ ಜಾತಿಗೆ ಹೆಸರಿಟ್ಟವರು ಮುಖ್ಯಸ್ಥರು. ಅದರ ಪಕ್ಕ ಇನ್ನೊಂದು ಬಂದು ಕೂರುವುದು ಅವರಿಗೆ ಬೇಕಿರಲಿಲ್ಲ. ಹೊಟ್ಟೆ ಕೊಯ್ದು ನೋಡೋಣವೆಂದರೆ, ಇರುವುದೊಂದೇ ಮೀನು, ಹಾಳಾಗುತ್ತದೆ ಎನ್ನುತ್ತಿದ್ದರು.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅಕ್ಕನಿಗೆ ಎಲ್ಲ ಹೇಳಿದಳು.

"ಮರಿನೋ ಅಲ್ವೋ ಅಂತ ಹೊಟ್ಟೆ ನೋಡಿದ್ರೆ ಗೊತ್ತಾಗಲ್ವಾ?" ಎಂದಳು ಅಕ್ಕ, ಹೆರಿಗೆ ಆಸ್ಪತ್ರೆಯ ನರ್ಸ್.

"ಕೊಯ್ಯೋಕೆ ಬಿಡಬೇಕಲ್ಲ ಅವರು."

"ನಿಮ್ಮಲ್ಲಿ ಮೀನು ದೊಡ್ಡವಳಾಗೋಕೂ ಸಾಹೇಬರ ಅಪ್ಪಣೆ ಬೇಕಾ?"

ಅಕ್ಕ ನಕ್ಕಳು. ಅವಳಿಗೆ ನಗು ಬರಲಿಲ್ಲ.

ಮರುದಿನ ಮೀನನ್ನು ತಟ್ಟೆಯಲ್ಲಿಟ್ಟುಕೊಂಡು ನೇರವಾಗಿ ಮುಖ್ಯಸ್ಥರ ಕೋಣೆಗೇ ಹೋದಳು. ಅವರ ಮೇಜಿನ ಮೇಲೇ ತಟ್ಟೆಯಿಟ್ಟು ಮೀನಿನ ಬಲ ಮಗ್ಗುಲನ್ನು ಮೇಲೆ ಮಾಡಿದಳು. ಕೊಯ್ಯುವುದಿದ್ದರೆ ಬಲಗಡೆ, ಎಡಗಡೆಯನ್ನು ಚಿತ್ರಕ್ಕೂ ಮುಂದೆ ನೋಡುವವರಿಗೂ ಉಳಿಸಬೇಕು.

"ಏನಮ್ಮಾ ಮಾಡ್ತಿದೀಯ? ಯಾರನ್ನ ಕೇಳಿ?"

"ಕೇಳಿ ಕೇಳಿ ಸಾಕಾಯ್ತು ಸರ್."

ಕೊಯ್ಯುವ ಚಾಕುವಿನಿಂದ ಹೊಟ್ಟೆಯ ಮೇಲೆ ಸಣ್ಣದಾಗಿ ಗೀರಿದಳು. ಚಿಮುಟದಿಂದ ಚರ್ಮ ಎತ್ತಿದಳು. ಒಳಗೆ ಗಸಗಸೆಯಂಥ ಮೊಟ್ಟೆಗಳು ಒತ್ತೊತ್ತಾಗಿ ತುಂಬಿದ್ದವು.

"ಮರಿಗೆ ಮೊಟ್ಟೆ ಇರುತ್ತಾ ಸರ್?"

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಏನೂ ಆಗದವರ ಹಾಗೆ, "ಸರಿ, ಇಬ್ಬರ ಹೆಸರಲ್ಲೂ ಕಳಿಸೋಣ. ಮೊದಲು ನಂದಿರಲಿ, ಹಿರಿಯನಲ್ವಾ" ಎಂದರು.

ಅವಳಿಗೆ ಅದುವರೆಗಿನ ಕೋಪ ಕೋಪವೇ ಅಲ್ಲವೆನಿಸಿತು.

"ನಿಮ್ಮ ಹೆಸರು ಪ್ರಬಂಧದ ಒಳಗೆ ಬರುತ್ತೆ ಸರ್. ಇದನ್ನ ಮರಿ ಅಂದೋರು ಯಾರು ಅಂತ ಬರೀಬೇಕಲ್ಲ."

ವಾರ ಕಳೆಯುವುದರೊಳಗೆ ಅವಳ ಮೇಜು ಮೆಟ್ಟಿಲಡಿಯ ಉಗ್ರಾಣಕ್ಕೆ ಹೋಯಿತು. ಹಡಗಿನ ಮುಂದಿನ ಯಾನಕ್ಕೆ ಅವಳು ಬೇಡವೆಂದರು. ಸ್ಪಿರಿಟ್ಟಿನ ಘಾಟು ಹೊಡೆಯುವ ಆ ಉಗ್ರಾಣದಲ್ಲೇ ಕೂತು ಅವಳು ಪ್ರಬಂಧ ಮುಗಿಸಿ, ತಾನೇ ವಿಜ್ಞಾನ ಪತ್ರಿಕೆಯೊಂದಕ್ಕೆ ಕಳಿಸಿದಳು. ಅದು ಅಚ್ಚಾಯಿತು, ಬಲ್ಲವರು ಹೊಸ ಜಾತಿಯೆಂದು ಒಪ್ಪಿದರು. ಮುಖ್ಯಸ್ಥರು ಅಭಿನಂದನಾ ಸಭೆ ಕರೆದು, "ಇದು ನಮ್ಮ ವಿಭಾಗದ ಸಾಧನೆ" ಎಂದು ಭಾಷಣ ಶುರು ಮಾಡಿದರು. ಅವಳು ಮುಂದಿನ ಸಾಲಿನಿಂದ ಎದ್ದಳು. ಕುರ್ಚಿ ಕರ್ರೆಂದಿತು. ಭಾಷಣ ನಿಂತಿತು. ಯಾರ ಮುಖವನ್ನೂ ನೋಡದೆ ಅವಳು ಹೊರಗೆ ನಡೆದಳು.