ಹೊಸ್ತಿಲಿಗೆ ಬಂದ ಬಿಸಿಲು

ಶಂಶಾಬಾದ್ ಕಡೆ ಕಟ್ಟಡ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳಲ್ಲಿ ಏಪ್ರಿಲ್ ಬಂತೆಂದರೆ ಎಲ್ಲರೂ ನೆರಳು ಹುಡುಕುತ್ತಾರೆ. ಸುಗಲಮ್ಮ ಮಾತ್ರ ಬಿಸಿಲಿಗಾಗಿ ಕಾಯುತ್ತಿದ್ದಳು.

ಮಗಳು ಭಾಗ್ಯಶ್ರೀಯ ಚೊಚ್ಚಲ ಬಾಣಂತನಕ್ಕೆಂದು ಅವಳು ಶಹಾಪುರದ ಹತ್ತಿರದ ಹಳ್ಳಿಯಿಂದ ಬಂದಿದ್ದಳು. ಬರುವಾಗ ಕುಸುಬಿ ಎಣ್ಣೆಯ ಡಬ್ಬಿ, ಹಳೆಯ ಸೀರೆಗಳಿಂದ ಹೊಲಿದ ಕೌದಿ ತಂದಿದ್ದಳು. ಜೊತೆಗೆ ಒಂದು ನೇಮವನ್ನೂ ತಂದಿದ್ದಳು. ಹೊಸ್ತಿಲಿಗೆ ಬಿಸಿಲು ಬಂದೊಡನೆ ಕೂಸಿಗೆ ಎಣ್ಣೆ ತಿಕ್ಕಿ, ಬರಿಮೈಯಲ್ಲಿ ಹೊರಗೆ ಕೌದಿಯ ಮೇಲೆ ಮಲಗಿಸಬೇಕು. ಅವಳ ತಾಯಿ ಹಾಗೆ ಮಾಡಿದ್ದಳು. ಅವಳೂ ನಾಲ್ಕು ಮಕ್ಕಳಿಗೆ ಹಾಗೇ ಮಾಡಿದ್ದಳು.

ಭಾಗ್ಯಶ್ರೀಗೂ ಅದು ನೆನಪಿತ್ತು. ಸಗಣಿ ಸಾರಿಸಿದ ಅಂಗಳ, ಅದರ ಅಂಚಿಗೆ ಬೇವಿನ ಗಿಡ. ತಮ್ಮ ಹುಟ್ಟಿದಾಗ ಅವಳಿಗೆ ಏಳು ವರ್ಷ. ಅವನು ಕೌದಿಯ ಮೇಲೆ ಕಾಲು ಬಡಿಯುತ್ತಿದ್ದ. ಬೇವಿನೆಲೆಗಳ ನೆರಳು ಅವನ ಹೊಟ್ಟೆಯ ಮೇಲೆ ಅಲುಗಾಡುತ್ತಿತ್ತು. ಕಾಗೆ ಓಡಿಸುವುದು ಅವಳ ಕೆಲಸ. ನೀರು ಕಾಯುವ ಹಂಡೆಯ ಹೊಗೆ, ಎಣ್ಣೆಯ ವಾಸನೆ, ಅವ್ವನ ಗುನುಗು. ಆ ಗಿಡ ರಸ್ತೆ ಅಗಲ ಮಾಡುವಾಗ ಹೋಯಿತು. ನೆನಪು ಹೋಗಲಿಲ್ಲ. ಅದಕ್ಕೇ ಅವ್ವ ಕೂಸನ್ನು ಹೊರಗೆ ಮಲಗಿಸಿದಾಗ ಅವಳು ಬೇಡ ಎನ್ನಲಿಲ್ಲ.

ಕೂಸಿಗೆ ಹದಿನೆಂಟು ದಿನವಾದಾಗ ಆಶಾ ಕಾರ್ಯಕರ್ತೆ ಶಿವದೇವಿ ಬಂದಳು. ಅವಳ ತವರು ಜಹೀರಾಬಾದ್. ಮನೆಯಲ್ಲಿ ಕನ್ನಡ, ಹೊರಗೆ ತೆಲುಗು. ಬಿಸಿಲಲ್ಲಿ ಮಲಗಿದ್ದ ಕೂಸನ್ನು ಕಂಡವಳೇ ಅಂದಳು:

“ಯವ್ವಾ, ಕೂಸಿನ್ನ ಮೊದಲ ಒಳಗ ತರ್ರಿ.”

“ಇನ್ನ ಅರ್ಧ ತಾಸೂ ಆಗಿಲ್ಲ ತಂಗಿ. ಎಲುವು ಗಟ್ಟಿ ಆಗಬೇಕಲ್ಲ?” ಎಂದಳು ಸುಗಲಮ್ಮ.

“ಎಲುವು ಆಮ್ಯಾಲ ನೋಡೂಣು. ಮೈ ಮುಟ್ಟಿ ನೋಡ್ರಿ.”

ಭಾಗ್ಯಶ್ರೀ ಎತ್ತಿಕೊಂಡಳು. ಮೈ ಕಾದಿತ್ತು. ಹೊಟ್ಟೆ, ತೊಡೆ ಕೆಂಪಾಗಿದ್ದವು. ಕೂಸು ಅಳಲೂ ಇಲ್ಲ. ಮೊಲೆಗೆ ಹಿಡಿದರೆ ಎರಡು ಗುಟುಕು ಕುಡಿದು ಬಾಯಿ ಬಿಟ್ಟಿತು.

“ಮುಂಜಾನಿಂದ ಎಷ್ಟು ಸಲ ಉಚ್ಚಿ ಮಾಡೈತಿ?”

“ಒಂದ ಸಲ ರೀ ಅಕ್ಕಾ. ಬಟ್ಟಿ ಒಣಗೇ ಅದಾವ.”

ಶಿವದೇವಿ ತಕ್ಷಣ ಆಟೋ ಕರೆದಳು. ಹತ್ತಿರದ ಸಣ್ಣ ಸರ್ಕಾರಿ ಆಸ್ಪತ್ರೆಯಾದ ಬಸ್ತಿ ದವಾಖಾನೆಯವರು ನೋಡಿದವರೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬಿಸಿಲಿಗೆ ಮೈಯ ನೀರು ಆರಿದೆ, ಇನ್ನೊಂದೆರಡು ತಾಸು ತಡವಾಗಿದ್ದರೆ ಕೂಸು ಉಳಿಯುವುದು ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಮುಚ್ಚಿಡದೆ ಹೇಳಿದರು.

ಮೂರು ದಿನದ ಮೇಲೆ ಕೂಸು ಮನೆಗೆ ಬಂತು. ಮರುದಿನ ಶಿವದೇವಿ ಬಂದಾಗ ಸುಗಲಮ್ಮ ಮುಖ ತಿರುಗಿಸಿ ಕೂತಿದ್ದಳು.

“ನಿಮ್ಮ ಪಟ್ಟಣದ ಕೂಸುಗೋಳು ಮೇಣದವು. ನನ್ನ ನಾಕೂ ಬಿಸಿಲಾಗ ಬೆಳದಾವ. ಒಂದೂ ಕರಗಲಿಲ್ಲ.”

ಶಿವದೇವಿ ನಕ್ಕಳು. “ಆತು ಯವ್ವಾ. ಊರಾಗ ಹೊಸ್ತಿಲಕ್ಕ ಬಿಸಿಲು ಎಷ್ಟೊತ್ತಿಗೆ ಬರ್ತಿತ್ತು?”

“ಹೊತ್ತು ಮೂಡಿದ ಕೂಡಲೇ. ಹಾಲಿನಾಕಿ ಬರೂ ಮೊದಲ.”

“ಇಲ್ಲಿ?”

ಸುಗಲಮ್ಮ ಹೊಸ್ತಿಲ ಕಡೆ ನೋಡಿದಳು. ಅವಳಿಗೆ ಹೊಸ್ತಿಲೇ ಗಡಿಯಾರ. ಬಿಸಿಲು ಆಗತಾನೆ ಅದನ್ನು ಮುಟ್ಟಿತ್ತು. ಭಾಗ್ಯಶ್ರೀ ಮೊಬೈಲ್ ನೋಡಿದಳು. “ಹತ್ತೂ ಇಪ್ಪತ್ತು, ಅವ್ವಾ.”

ಎಲ್ಲರೂ ತಲೆ ಎತ್ತಿದರು. ಶೆಡ್ಡಿನ ಮೂಡಣಕ್ಕೆ ಅಂಟಿಕೊಂಡಂತೆ ಹದಿನಾಲ್ಕು ಅಂತಸ್ತಿನ ಕಟ್ಟಡ. ಎಳೆಬಿಸಿಲನ್ನೆಲ್ಲ ಅದು ತಡೆದು, ಸುಡುವ ಬಿಸಿಲನ್ನಷ್ಟೇ ಇತ್ತ ಬಿಡುತ್ತಿತ್ತು.

ಅಂದು ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದ ಭಾಗ್ಯಶ್ರೀಯ ಗಂಡ ಬಸು ತಲೆ ಕೆರೆದುಕೊಂಡ. “ಅತ್ತಿ, ಅದರ ಸೆಂಟ್ರಿಂಗ್ ಹಲಗಿ ಬಡದಾಂವ ನಾನ.”

“ಭಾಳ ಛಲೋ ಮಾಡೀರಿ ಅಳಿಯಾ. ಸೂರ್ಯಾಗೂ ಅಡ್ಡಗ್ವಾಡಿ ಕಟ್ಟೀರಿ.” ಸುಗಲಮ್ಮ ಸೋಲಲಿಲ್ಲ. “ಹಂಗಾರ ನಸುಕಿನ್ಯಾಗ ಕಟ್ಟಡದ ಆ ಕಡೆ ಒಯ್ದು ಮಲಗಸ್ತೀನಿ.”

“ಬ್ಯಾಡ ಯವ್ವಾ. ಆರು ತಿಂಗಳ ತನಕ ನೇರ ಬಿಸಿಲ ಬ್ಯಾಡ. ಕೂಸಿನ ಚರ್ಮ ಭಾಳ ತೆಳು. ಮೈ ತಂಪ ಮಾಡ್ಕೊಳ್ಳೂದು ಅದಕ್ಕಿನ್ನ ಬರೂದಿಲ್ಲ. ಎಲುವಿಗೆ ಡಾಕ್ಟರು ವಿಟಮಿನ್ ಡಿ ಹನಿ ಬರದು ಕೊಟ್ಟಾರ, ಹೇಳಿದಷ್ಟು ಹಾಕ್ರಿ. ಎಣ್ಣಿ ಹಚ್ಚೂದಿದ್ರ ನೆರಳಿನ್ಯಾಗ.”

“ಸೆಕಿಗೆ ಒಂದೀಟು ನೀರು ಕುಡಸ್ಲೇನು?”

“ಒಂದು ಹನಿಯೂ ಬ್ಯಾಡ. ಎದಿಹಾಲ ಮ್ಯಾಲಿಂದ ಮ್ಯಾಲ ಕುಡಸ್ಲಿ.”

“ಕಣ್ಣು ಹಳದಿ ಆದ್ರ?”

“ಅದಕ್ಕೂ ಬಿಸಿಲು ಔಷಧ ಅಲ್ಲ. ಅವತ್ತ ದವಾಖಾನಿ.”

ಸುಗಲಮ್ಮ ಮೆಲ್ಲಗೆ ಅಂದಳು: “ಊರಾಗ ಬೇವಿನ ಗಿಡ ಇತ್ತು. ಕೂಸು ಬೆಳದದ್ದು ಬಿಸಿಲಿಗೆ ಅಂದ್ಕೊಂಡಿದ್ದೆ. ಗಿಡ ನನ್ನ ನೆಪ್ಪಿಗೇ ಬರಲಿಲ್ಲ ನೋಡು.”

ಅಂದು ಸಂಜೆ ಬಸು ಎರಡು ಬಿದಿರು ತಂದು ಬಾಗಿಲ ಮುಂದೆ ನೆಟ್ಟ. ತಗಡಿನ ಮೇಲೆ ಒದ್ದೆ ಗೋಣಿಚೀಲ ಹಾಸಿದ. ಸುಗಲಮ್ಮ ತನ್ನ ಕೌದಿಯನ್ನೇ ಕೊಟ್ಟಳು. ಗಾಳಿಗೆ ದಾರಿ ಬಿಟ್ಟು ಅದನ್ನು ಚಪ್ಪರದಂತೆ ಕಟ್ಟಿದರು.

ಮರುದಿನ ಹತ್ತೂ ಇಪ್ಪತ್ತಕ್ಕೆ ಬಿಸಿಲು ಬಂತು. ಕೌದಿಯ ಮೇಲೆ ಬಿದ್ದು ಅಲ್ಲೇ ನಿಂತಿತು. ಒಳಗೆ ತೆಳು ಹತ್ತಿ ಅಂಗಿಯಲ್ಲಿ ಕೂಸು ಕಾಲು ಬಡಿಯುತ್ತಿತ್ತು. ಭಾಗ್ಯಶ್ರೀ ಬಾಗಿಲಲ್ಲಿ ಕೂತು ಕಾಗೆ ಓಡಿಸಿದಳು.

ನಿಮ್ಮ ಮನೆಯಲ್ಲೂ ಎಳೆಗೂಸಿದೆಯೇ? ಅಜ್ಜಿಯ ಅಂಗಳದಲ್ಲಿದ್ದ ಗಿಡ ನಿಮ್ಮ ಶೆಡ್ಡಿನ ಮುಂದಿಲ್ಲ ಎಂಬುದನ್ನು ಮರೆಯಬೇಡಿ. ಕೂಸನ್ನು ನೆರಳಲ್ಲಿ, ಗಾಳಿಯಾಡುವಲ್ಲಿ ಇಡಿ. ಹೊರಗೆ ಒಯ್ಯಲೇಬೇಕಾದರೆ ಛತ್ರಿ ಹಿಡಿಯಿರಿ. ಮುಖದ ಮೇಲೆ ದಪ್ಪ ಬಟ್ಟೆ ಹೊದಿಸಬೇಡಿ. ಹಾಲು ಕುಡಿಯುವುದು ಬಿಟ್ಟರೆ, ಮೈ ಕಾದರೆ, ಉಚ್ಚೆ ಕಡಿಮೆಯಾದರೆ, ಕೂಸು ಮಂಕಾದರೆ ನಾಳೆಗೆ ಕಾಯಬೇಡಿ. ಆಗಲೇ ಎತ್ತಿಕೊಂಡು ದವಾಖಾನೆಗೆ ಹೊರಡಿ.