ಹೇಳಿಕೊಟ್ಟ ತಪ್ಪು

ಆಟ ಎಂದರೆ ಏನೆಂದು ಹೆಡ್‌ಮಾಸ್ಟರರಿಗೆ ಗೊತ್ತಾದದ್ದು ಹೋದ ಸೋಮವಾರ, ಮೇಲಿನ ಕಚೇರಿಯಿಂದ ಸುತ್ತೋಲೆ ಬಂದ ಮೇಲೆ. ಅಲ್ಲಿಯವರೆಗೆ ಅವರ ಪಾಲಿಗೆ ಅದು ಬರೀ ಗಲಾಟೆ. ಮೂರನೇ ತರಗತಿಯ ಟೀಚರಮ್ಮ ಮಕ್ಕಳ ಕೊರಳಿಗೆ ಹಳೇ ಕ್ಯಾಲೆಂಡರಿನ ರಟ್ಟು ಕಟ್ಟಿ ವ್ಯಾಕರಣ ಕಲಿಸುತ್ತಿದ್ದಾಗ, “ಇದೇನು ಶಾಲೇನಾ ಸಂತೇನಾ?” ಎಂದು ಕಿಟಕಿಯಲ್ಲಿ ತಲೆ ತೂರಿಸಿ ಎರಡು ಸಲ ನಿಲ್ಲಿಸಿದ್ದರು. ಈಗ ಆಟದ ಪಾಠ ನೋಡಲು ಇನ್‌ಸ್ಪೆಕ್ಟರು ಬರುತ್ತಾರೆಂದು ಓದಿದ್ದೇ ತಡ, ನಮ್ಮಲ್ಲಿ ಇದು ಮೊದಲಿನಿಂದಲೂ ಇದೆ ಎಂದು ಉತ್ತರ ಬರೆದರು. ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಈ ಮಹಾನುಭಾವನನ್ನು ಮೀರಿಸಿದವರಿಲ್ಲ ಎಂದು ಟೀಚರಮ್ಮ ಮನಸ್ಸಿನಲ್ಲೇ ಉಗಿದಳು.

ಆಟ ಅವಳೇ ಕಟ್ಟಿದ್ದು. ನಾಮಪದ ಸಿಕ್ಕವನು ಎಂಜಿನ್, ಪ್ರತ್ಯಯ ಸಿಕ್ಕವನು ಡಬ್ಬಿ. ‘ಮರ’ ನಿಂತಿದ್ದರೆ ‘ಅಲ್ಲಿ’ ಬಂದು ಅಂಗಿ ಹಿಡಿಯಬೇಕು. ಆದರೆ ನಡುವೆ ‘ದ’ ಕೊಕ್ಕೆಯಾಗಿ ನಿಲ್ಲದೆ ರೈಲು ಹೊರಡುವ ಹಾಗಿಲ್ಲ. ‘ಮನೆ’ಗಾದರೆ ಕೊಕ್ಕೆ ‘ಯ’. ಕ್ರಿಯಾಪದದವರು ರಟ್ಟಿನಲ್ಲಿ ಬರೆದದ್ದನ್ನು ಮಾಡುತ್ತಲೇ ಇರಬೇಕು. ಒತ್ತಕ್ಷರ ಸಿಕ್ಕವನು ಇನ್ನೊಬ್ಬನ ಕಾಲಬುಡದಲ್ಲಿ ಕುಕ್ಕರಿಸಬೇಕು, ಮರೆತು ಎದ್ದರೆ ಔಟ್.

ಕಡೇ ಬೆಂಚಿನ ಮೌನಿ ಯಾವಾಗಲೂ ಕೊಕ್ಕೆ. ಬಾಯಿ ಬಿಡದ ಹುಡುಗಿಗೆ ಮಕ್ಕಳಿಟ್ಟ ಹೆಸರು ಅದು. ಪರೀಕ್ಷೆಯ ಹಾಳೆಯನ್ನು ಖಾಲಿ ಕೊಡುವವಳು, ಆಟದಲ್ಲಿ ಮಾತ್ರ ‘ದ’, ‘ಯ’ ಎರಡೂ ರಟ್ಟು ಹಿಡಿದು ಒಂದು ಸಲವೂ ತಪ್ಪದೆ ಓಡಿ ನಿಲ್ಲುತ್ತಿದ್ದಳು. ಆದರೂ ಅದೇ ತರಗತಿಯಲ್ಲಿ ಮತ್ತೆ ಕೂರಿಸುವವರ ಪಟ್ಟಿಯಲ್ಲಿ ಮೊದಲ ಹೆಸರು ಅವಳದು. ಆಗಲೇ ಒಂದು ವರ್ಷ ಕೂತಾಗಿತ್ತು. ಇನ್ನೊಂದು ಸಲ ಕೂರಿಸಿದರೆ ಶಾಲೆ ಬಿಡಿಸಿ ಮನೆಗೆಲಸಕ್ಕೆ ಹಚ್ಚುತ್ತೇನೆ ಎಂದು ಅವಳ ಚಿಕ್ಕಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು.

ಹೆಡ್‌ಮಾಸ್ಟರರು ಮೂರು ದಿನ ಆಟದ ತಾಲೀಮು ಮಾಡಿಸಿದರು. ಯಾರು ಎಲ್ಲಿ ನಗಬೇಕೆಂದೂ ಬರೆದುಕೊಟ್ಟರು. ಆಟಕ್ಕೂ ಬಾಯಿಪಾಠ! ಅದೂ ಸಾಲದೆ ಇನ್ನೊಂದು ಬುದ್ಧಿ ಓಡಿಸಿದರು.

“ಎಲ್ಲಾ ಸರಿಯಾಗಿ ಹೇಳಿದ್ರೆ ಕಲಿಸಿಟ್ಟಿದ್ದು ಅಂತ ಗೊತ್ತಾಗಿಬಿಡುತ್ತೆ ಕಣಮ್ಮ. ಒಬ್ರು ತಪ್ಪು ಮಾಡ್ಲಿ. ಆ ಮೌನಿ ಮಾಡ್ಲಿ, ಅವಳಿಗೆ ಸಹಜವಾಗಿ ಬರುತ್ತೆ.”

“ಆಟದಲ್ಲಿ ಅವಳು ತಪ್ಪೇ ಮಾಡಲ್ಲ ಸಾರ್.”

“ಹಾಗಾದ್ರೆ ಹೇಳ್ಕೊಡಿ! ಚೆನ್ನಾಗಿ ಮಾಡಿದ್ರೆ ಪಟ್ಟಿಯಿಂದ ಹೆಸರು ತೆಗೀತೀನಿ, ಆಯ್ತಾ?”

ಟೀಚರಮ್ಮ ಒಪ್ಪಿದಳು. ಅವರಿಗಿಂತ ತನ್ನ ಮೇಲೇ ಹೆಚ್ಚು ಹೇಸಿಗೆಯಾಯಿತು. ಆದರೂ ಹುಡುಗಿಯನ್ನು ಕರೆದು, “‘ಮನೆ’ ಬಂದಾಗ ‘ದ’ ಹಿಡಿ ಕಣೇ, ಸಾರ್ ಹೇಳಿದಾರೆ” ಎಂದಳು. ಮೌನಿ ಎರಡೂ ರಟ್ಟುಗಳನ್ನು ನೋಡಿಕೊಂಡು ತಲೆಯಾಡಿಸಿದಳು.

ಇನ್‌ಸ್ಪೆಕ್ಟರು ಬಂದು ಶಾಲೆಯಲ್ಲಿದ್ದ ಒಂದೇ ಒಂದು ಕೈಕುರ್ಚಿಯಲ್ಲಿ ಕೂತರು. ಮಕ್ಕಳು ಬರೆದುಕೊಟ್ಟಲ್ಲೆಲ್ಲ ನಕ್ಕರು. ‘ಮನೆ’ ನಿಂತಿತು, ‘ಅಲ್ಲಿ’ ಕಾದಿತ್ತು. ಮೌನಿ ‘ಯ’ ರಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟು, ‘ದ’ ಎತ್ತಿ ಹಿಡಿದು ನಡುವೆ ನಿಂತಳು. “ಮನೆದಲ್ಲಿ!” ಎಂದು ಇಡೀ ತರಗತಿ ಕಿರುಚಿ, ಹೇಳಿದ್ದಕ್ಕಿಂತ ಒಂದು ಪಾಲು ಜಾಸ್ತಿಯೇ ನಕ್ಕಿತು.

“ಈ ಮಗು ತುಂಬಾ ಹಿಂದಿದೆ,” ಎಂದರು ಇನ್‌ಸ್ಪೆಕ್ಟರು. “ಇನ್ನೊಂದು ವರ್ಷ ಇಲ್ಲೇ ಇರ್ಲಿ.”

“ಆಗ್ಲೇ ಪಟ್ಟೀಲಿ ಹಾಕಿದೀವಿ ಸಾರ್, ಮೊದಲ್ನೇ ಹೆಸರು,” ಎಂದರು ಹೆಡ್‌ಮಾಸ್ಟರರು. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ.

ಟೀಚರಮ್ಮನ ಮೈಯೆಲ್ಲ ಉರಿದುಹೋಯಿತು. ಕೆಲಸ ಹೋದರೆ ಹೋಗಲಿ, ಈ ನಾಯಿಪಾಡು ಸಾಕು ಎನ್ನಿಸಿತು.

“ಆ ತಪ್ಪು ಅವಳದಲ್ಲ ಸಾರ್. ಇನ್ನೊಂದ್ಸಲ ಆಡಿಸಿ ನೋಡಿ.”

ಹೆಡ್‌ಮಾಸ್ಟರರು ಕೆಮ್ಮಿದರು, ಕಣ್ಣು ಕೆಕ್ಕರಿಸಿದರು. ಇನ್‌ಸ್ಪೆಕ್ಟರು ಆಗಲಿ ಎಂದರು. ಮೌನಿ ಎರಡೂ ರಟ್ಟು ಹಿಡಿದು ಮತ್ತೆ ನಡುವೆ ಬಂದಳು. ಟೀಚರಮ್ಮನ ಕಡೆ ನೋಡಲಿಲ್ಲ. ತಪ್ಪು ಮಾಡಲು ಹೇಳಿದವರು ಯಾರೋ ಅವರನ್ನೇ ತಾನೇ ಕೇಳಬೇಕು. ಹೆಡ್‌ಮಾಸ್ಟರರತ್ತ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

“ಸಾರ್, ಈಗ ಸರಿಯಾದ್ದು ಮಾಡ್ಲಾ? ಇಲ್ಲಾ, ನೀವು ಹೇಳಿದ್ದ ತಪ್ಪನ್ನೇ ಇನ್ನೊಂದ್ಸಲ ಮಾಡ್ಲಾ?”

ಇಲ್ಲಿ ನಗಬೇಕೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಮಕ್ಕಳು ತಾವಾಗಿಯೇ ನಕ್ಕರು. ಹೆಡ್‌ಮಾಸ್ಟರರು ಇಂಗು ತಿಂದ ಮಂಗನಂತೆ ನಿಂತರು.

“ಸರಿಯಾದ್ದು ಮಾಡಮ್ಮ,” ಎಂದ ಇನ್‌ಸ್ಪೆಕ್ಟರು ಹೆಡ್‌ಮಾಸ್ಟರರತ್ತ ಕೈ ಚಾಚಿದರು. “ಆ ಪಟ್ಟಿ ಇಲ್ಲಿ ಕೊಡಿ.”